ಮತದಾರನಿಲ್ಲದ ಮೊದಲ ಚುನಾವಣೆ

ನಾಮಪತ್ರ ಸಲ್ಲಿಕೆಯ ಕೊನೆಯ ದಿನ, ಮಧ್ಯಾಹ್ನ ಎರಡೂ ಮುಕ್ಕಾಲರ ಹೊತ್ತಿಗೆ ಚುನಾವಣಾಧಿಕಾರಿಯ ಕೊಠಡಿಯಲ್ಲಿ ಎಲ್ಲರ ಕಣ್ಣೂ ಗೋಡೆಯ ಗಡಿಯಾರದ ಮೇಲಿರುತ್ತದೆ. ಮೂರು ಗಂಟೆಯೊಳಗೆ ಪಕ್ಷದ ‘ಬಿ ಫಾರಂ’ ಅಧಿಕಾರಿಯ ಕೈ ಸೇರಬೇಕು. ಅದರಲ್ಲಿ ಪಕ್ಷದ ಅಧಿಕೃತ ಪದಾಧಿಕಾರಿಯ ಶಾಯಿಯ ಸಹಿ ಇರಬೇಕು. ಫ್ಯಾಕ್ಸ್ ಪ್ರತಿಗೂ ರಬ್ಬರ್ ಮೊಹರಿಗೂ ಬೆಲೆಯಿಲ್ಲ. ಇಪ್ಪತ್ತು ವರ್ಷಗಳಿಗೂ ಹಿಂದೆ, ಮಧ್ಯ ಕರ್ನಾಟಕದ ಒಂದು ವಿಧಾನಸಭಾ ಕ್ಷೇತ್ರದಲ್ಲಿ ನಾನು ಅಂಥ ಕೊಠಡಿಯಲ್ಲಿ ಕುಳಿತಿದ್ದೆ. ನನ್ನೆದುರು ಐವತ್ತರ ಆಸುಪಾಸಿನ ಗೃಹಸ್ಥರೊಬ್ಬರು ಪ್ಲಾಸ್ಟಿಕ್ ಫೈಲನ್ನು ಮಡಿಲಲ್ಲಿಟ್ಟುಕೊಂಡು ಬೆಂಗಳೂರಿನಿಂದ ಬರಬೇಕಾಗಿದ್ದ ಕಾಗದಕ್ಕಾಗಿ ಕಾಯುತ್ತಿದ್ದರು. ಕಾಗದವೇನೋ ಬಂತು. ಆದರೆ ಅದು ಬಂದದ್ದು ಹಲವು ಅವಧಿಗಳಿಂದ ಅದೇ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದ ಹಿರಿಯರ ಕೈಯಲ್ಲಿ, ಅವರ ಹೆಸರಿನಲ್ಲಿ.

ಕಾನೂನಿನ ಒಂದು ಸೂಕ್ಷ್ಮವನ್ನು ಇಲ್ಲಿ ಹೇಳಬೇಕು. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ಪಕ್ಷೇತರನಿಗೆ ಹತ್ತು ಮಂದಿ ಬೇಕು. ಅನುಭವಸ್ಥರು ಎರಡು ನಾಮಪತ್ರಗಳನ್ನು ಸಲ್ಲಿಸುತ್ತಾರೆ: ಒಂದು ಪಕ್ಷದ ಹೆಸರಿನಲ್ಲಿ, ಇನ್ನೊಂದು ಹತ್ತು ಸಹಿಗಳೊಂದಿಗೆ. ಆ ಗೃಹಸ್ಥರು ಒಂದನ್ನೇ ಸಲ್ಲಿಸಿದ್ದರು. ‘ಎರಡನೆಯದನ್ನು ಹಾಕಿದರೆ ಪಕ್ಷದ ಮೇಲೆ ಅನುಮಾನಪಟ್ಟಂತೆ ಆಗುವುದಿಲ್ಲವೇ ಸಾರ್’ ಎಂದಿದ್ದರು. ಮರುದಿನ ಪರಿಶೀಲನೆಯಲ್ಲಿ ಅವರ ನಾಮಪತ್ರವನ್ನು ತಿರಸ್ಕರಿಸಿ ಆದೇಶ ಬರೆದವನು ನಾನೇ. ಆದೇಶ ಕಾನೂನಿಗೆ ಅನುಗುಣವಾಗಿತ್ತು. ಆದರೂ ಸೇವಾವಧಿಯಲ್ಲಿ ನಾನು ಸಹಿ ಮಾಡಿದ ಸಾವಿರಾರು ಆದೇಶಗಳಲ್ಲಿ ಇಂದಿಗೂ ನೆನಪಿನಿಂದ ಮಾಸದ ಕೆಲವೇ ಆದೇಶಗಳಲ್ಲಿ ಅದೂ ಒಂದು.

ನಮ್ಮ ದೇಶದಲ್ಲಿ ಪ್ರತಿ ಚುನಾವಣೆಯೂ ವಾಸ್ತವವಾಗಿ ಎರಡು ಚುನಾವಣೆ. ಎರಡನೆಯದು ಮತಗಟ್ಟೆಯಲ್ಲಿ ನಡೆಯುತ್ತದೆ. ಅದಕ್ಕೆ ಮತದಾರರ ಪಟ್ಟಿಯಿದೆ, ವೀಕ್ಷಕರಿದ್ದಾರೆ, ವೆಚ್ಚದ ಮಿತಿಯಿದೆ, ಎಣಿಕೆಯಿದೆ, ನ್ಯಾಯಾಲಯವಿದೆ. ಮೊದಲನೆಯದು ಟಿಕೆಟ್ಟಿನ ಚುನಾವಣೆ. ಅದಕ್ಕೆ ಇವುಗಳಲ್ಲಿ ಯಾವುದೂ ಇಲ್ಲ. ಪೈಪೋಟಿ ಮಾತ್ರ ಎರಡನೆಯದಕ್ಕಿಂತ ತೀವ್ರವಾಗಿರುತ್ತದೆ. ಬೇರೂರಿದ ಹಾಲಿ ಪ್ರತಿನಿಧಿಯೊಬ್ಬರಿಗೆ ಅವರದೇ ಪಕ್ಷದಲ್ಲಿ ಸವಾಲು ಹಾಕಬಯಸುವ ಕಾರ್ಯಕರ್ತನಿಗೆ ನಮ್ಮ ವ್ಯವಸ್ಥೆ ಯಾವ ದಾರಿಯನ್ನು ತೆರೆದಿಟ್ಟಿದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ಒಳಗೊಂಡ ದಾವಣಗೆರೆ ಸೀಮೆಗಿಂತ ಉತ್ತಮ ಪಾಠಶಾಲೆ ಸಿಗಲಾರದು.

ಮೊದಲು ಲೋಕಸಭಾ ಕ್ಷೇತ್ರವನ್ನೇ ನೋಡೋಣ. 1998ರಲ್ಲಿ ಕಾಂಗ್ರೆಸ್ಸಿನ ಶಾಮನೂರು ಶಿವಶಂಕರಪ್ಪನವರು ಬಿಜೆಪಿಯ ಜಿ. ಮಲ್ಲಿಕಾರ್ಜುನಪ್ಪನವರನ್ನು ಸೋಲಿಸಿದರು, 1999ರಲ್ಲಿ ಫಲಿತಾಂಶ ತಿರುವುಮುರುವಾಯಿತು. 2004, 2009 ಮತ್ತು 2014ರಲ್ಲಿ ಪೈಪೋಟಿ ಅವರಿಬ್ಬರ ಪುತ್ರರ ನಡುವೆ: ಜಿ.ಎಂ. ಸಿದ್ದೇಶ್ವರ ಮತ್ತು ಎಸ್.ಎಸ್. ಮಲ್ಲಿಕಾರ್ಜುನ. 2019ರಲ್ಲಿ ಮಾತ್ರ ಕಾಂಗ್ರೆಸ್ ಎಚ್.ಬಿ. ಮಂಜಪ್ಪನವರನ್ನು ಕಣಕ್ಕಿಳಿಸಿತು, ಸಿದ್ದೇಶ್ವರ ಅವರು ಒಂದೂವರೆ ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದು ಸತತ ನಾಲ್ಕನೆಯ ಬಾರಿ ಸಂಸದರಾದರು. 2024ರಲ್ಲಿ ಎರಡೂ ಪಕ್ಷಗಳು ಮತ್ತೆ ಅದೇ ಎರಡು ಮನೆಗಳಿಗೆ ಮರಳಿದವು: ಬಿಜೆಪಿಯಿಂದ ಗಾಯತ್ರಿ ಸಿದ್ದೇಶ್ವರ, ಕಾಂಗ್ರೆಸ್ಸಿನಿಂದ ಡಾ. ಪ್ರಭಾ ಮಲ್ಲಿಕಾರ್ಜುನ. 1998ರಿಂದ ನಡೆದ ಏಳು ಚುನಾವಣೆಗಳಲ್ಲಿ ಆರು ಎರಡೇ ಕುಟುಂಬಗಳ ನಡುವಿನ ಪಂದ್ಯ. ಈ ಕುಟುಂಬಗಳ ಯೋಗ್ಯತೆಯನ್ನಾಗಲಿ ಸೇವೆಯನ್ನಾಗಲಿ ನಾನಿಲ್ಲಿ ಅಳೆಯುತ್ತಿಲ್ಲ. ಮತದಾರರು ಅವರನ್ನು ನ್ಯಾಯವಾಗಿಯೇ ಆರಿಸಿದ್ದಾರೆ. ನನ್ನ ಪ್ರಶ್ನೆ ಅದಕ್ಕೂ ಹಿಂದಿನದು: ಇಪ್ಪತ್ತಾರು ವರ್ಷಗಳಲ್ಲಿ ಮೂರನೆಯ, ನಾಲ್ಕನೆಯ ಹೆಸರುಗಳು ಯಾವ ಜರಡಿಯಲ್ಲಿ ಸೋಸಿಹೋದವು? ಆ ಜರಡಿಯನ್ನು ಹಿಡಿದವರು ಯಾರು?

2024ರಲ್ಲಿ ಈ ಜರಡಿಯ ವಿರುದ್ಧ ಎರಡೂ ಪಕ್ಷಗಳಲ್ಲಿ ದನಿ ಎದ್ದಿತು. ಬಿಜೆಪಿಯಲ್ಲಿ ಹಿರಿಯರಾದ ಎಸ್.ಎ. ರವೀಂದ್ರನಾಥ್, ಹೊನ್ನಾಳಿಯ ಮಾಜಿ ಶಾಸಕ ಎಂ.ಪಿ. ರೇಣುಕಾಚಾರ್ಯ ಮೊದಲಾದವರು ಸಂಸದರ ಕುಟುಂಬಕ್ಕೆ ಮತ್ತೆ ಟಿಕೆಟ್ ನೀಡುವುದನ್ನು ಬಹಿರಂಗವಾಗಿಯೇ ವಿರೋಧಿಸಿದರು. ಸಭೆಗಳು ನಡೆದವು, ಪತ್ರಿಕಾಗೋಷ್ಠಿಗಳು ನಡೆದವು, ರಾಜ್ಯ ನಾಯಕರು ಸಂಧಾನಕ್ಕೆ ಬಂದರು. ಕಾಂಗ್ರೆಸ್ಸಿನಲ್ಲಿ, ಐಎಎಸ್ ಪರೀಕ್ಷಾ ತರಬೇತಿ ಸಂಸ್ಥೆಯೊಂದನ್ನು ಕಟ್ಟಿದ ಜಿ.ಬಿ. ವಿನಯ್ ಕುಮಾರ್ ಹಳ್ಳಿಹಳ್ಳಿಗೆ ನಡೆದು ಟಿಕೆಟ್ ಕೇಳಿದರು. ಸಿಗದಿದ್ದಾಗ ಪಕ್ಷೇತರರಾಗಿ ನಿಂತರು. ಕೊನೆಗೆ ಪ್ರಭಾ ಮಲ್ಲಿಕಾರ್ಜುನ ಅವರು ಗೆದ್ದ ಅಂತರ ಸುಮಾರು 26 ಸಾವಿರ. ವಿನಯ್ ಕುಮಾರ್ ಪಡೆದದ್ದು 40 ಸಾವಿರಕ್ಕೂ ಹೆಚ್ಚು. ಎರಡೂ ಪಾಳಯಗಳ ಅತೃಪ್ತರ ಅಹವಾಲು ಒಂದೇ: ‘ನಮ್ಮನ್ನು ಯಾರೂ ಕೇಳಲಿಲ್ಲ.’ ಕೇಳುವ ವಿಧಾನವೇ ಇಲ್ಲದಿರುವಾಗ ಕೇಳುವುದಾದರೂ ಹೇಗೆ?

ವಿಧಾನಸಭಾ ಕ್ಷೇತ್ರಗಳ ಕಥೆ ಇನ್ನೂ ಬೋಧಪ್ರದ. ಜಗಳೂರಿನಲ್ಲಿ 2018ರಲ್ಲಿ ಕಾಂಗ್ರೆಸ್ ಮೊದಲು ಒಂದು ಹೆಸರನ್ನು ಪ್ರಕಟಿಸಿ, ಪ್ರತಿಭಟನೆಯ ಬಳಿಕ ಅದನ್ನು ಬದಲಿಸಿ ಹಾಲಿ ಶಾಸಕ ಎಚ್.ಪಿ. ರಾಜೇಶ್ ಅವರಿಗೇ ಟಿಕೆಟ್ ನೀಡಿತ್ತು; ಅವರು ಬಿಜೆಪಿಯ ಎಸ್.ವಿ. ರಾಮಚಂದ್ರ ಅವರೆದುರು ಸೋತರು. 2023ರಲ್ಲಿ ಪಕ್ಷ ಬಿ. ದೇವೇಂದ್ರಪ್ಪನವರನ್ನು ಆರಿಸಿತು. ಊರಿನ ಕಾಲೇಜಿನಲ್ಲಿ ಜವಾನರಾಗಿ ದುಡಿದ ವ್ಯಕ್ತಿ ಶಾಸಕರಾದದ್ದು ನಮ್ಮ ಪ್ರಜಾಪ್ರಭುತ್ವದ ಹೆಮ್ಮೆಯ ಸಂಗತಿಗಳಲ್ಲೊಂದು. ಆದರೆ ಟಿಕೆಟ್ ತಪ್ಪಿದ ರಾಜೇಶ್ ಪಕ್ಷೇತರರಾಗಿ ಕಣದಲ್ಲಿ ಉಳಿದರು. ಮತ ಎಣಿಸಿದಾಗ ಮೂವರೂ ತಲಾ ಐವತ್ತು ಸಾವಿರದ ಆಸುಪಾಸಿನಲ್ಲಿದ್ದರು. ಗೆಲುವಿನ ಅಂತರ 874. ಅಂದರೆ ಒಂದು ಪಕ್ಷದೊಳಗೆ ಮುಗಿಯಬೇಕಿದ್ದ ಆಯ್ಕೆ ಮತಗಟ್ಟೆಗೆ ಬಂದು ಕುಳಿತಿತು. ನಾಲ್ಕೆಂಟು ಬೂತುಗಳ ಒಲವು ಅತ್ತಿತ್ತ ಆಗಿದ್ದರೆ, ಆ ಎರಡು ಬಣಗಳಿಗೆ ಬಿದ್ದ ಸುಮಾರು ಒಂದು ಲಕ್ಷ ಮತಗಳು ಪರಸ್ಪರ ಕಡಿದುಕೊಂಡು ಮೂರನೆಯವರ ಪಾಲಿಗೆ ಗೆಲುವಾಗುತ್ತಿತ್ತು.

ಚನ್ನಗಿರಿಯಲ್ಲೂ 2023ರಲ್ಲಿ ಇದೇ ನಾಟಕದ ಇನ್ನೊಂದು ಅಂಕ ನಡೆಯಿತು. ಬಿಜೆಪಿ ಹಾಲಿ ಶಾಸಕ ಮಾಡಾಳ್ ವಿರೂಪಾಕ್ಷಪ್ಪನವರ ಬದಲಿಗೆ ಬೇರೊಬ್ಬರನ್ನು ಆರಿಸಿತು. ಶಾಸಕರ ಪುತ್ರ ಮಲ್ಲಿಕಾರ್ಜುನ ಪಕ್ಷೇತರರಾಗಿ ನಿಂತು ಎರಡನೆಯ ಸ್ಥಾನ ಪಡೆದರು. ಪಕ್ಷದ ಅಧಿಕೃತ ಅಭ್ಯರ್ಥಿ ಅವರ ಹಿಂದೆ ಉಳಿದರು. ಅದೇ ವರ್ಷ ಕಾಂಗ್ರೆಸ್ ಮಾಜಿ ಶಾಸಕ ವಡ್ನಾಳ್ ರಾಜಣ್ಣನವರ ಬದಲು ಯುವಕರಾದ ಬಸವರಾಜು ಶಿವಗಂಗಾ ಅವರಿಗೆ ಅವಕಾಶ ಕೊಟ್ಟು ಗೆದ್ದಿತು. ಹೊಸಬರಿಗೆ ದಾರಿ ತೆರೆಯುವುದುಂಟು ಎಂಬುದಕ್ಕೆ ಇದು ಸಾಕ್ಷಿ. ಆದರೆ ಒಂದು ಕ್ಷೇತ್ರದಲ್ಲಿ ಯಾಕೆ ತೆರೆಯಿತು, ಪಕ್ಕದ ಕ್ಷೇತ್ರದಲ್ಲಿ ಯಾಕೆ ತೆರೆಯಲಿಲ್ಲ ಎಂಬುದನ್ನು ಮತದಾರನಿಗೆ ವಿವರಿಸುವ ಹೊಣೆ ಯಾರಿಗೂ ಇಲ್ಲ. ಹೊನ್ನಾಳಿ–ನ್ಯಾಮತಿಯಲ್ಲಂತೂ 2004ರಿಂದ 2023ರವರೆಗಿನ ಐದು ಚುನಾವಣೆಗಳಲ್ಲಿ ಗೆದ್ದವರು ಇಬ್ಬರೇ: ರೇಣುಕಾಚಾರ್ಯ ಮತ್ತು ಡಿ.ಜಿ. ಶಾಂತನಗೌಡ. ಮೊದಲ ಮತವನ್ನು 2004ರಲ್ಲಿ ಹಾಕಿದ ತರುಣನ ತಲೆಗೂದಲು ಈಗ ನರೆಯತೊಡಗಿದೆ. ಈ ನಡುವೆ ಹೊನ್ನಾಳಿಯಿಂದ ಬೇರ್ಪಟ್ಟು ನ್ಯಾಮತಿ ಹೊಸ ತಾಲ್ಲೂಕೇ ಆಯಿತು. ಗೆದ್ದವರ ಪಟ್ಟಿಗೆ ಮಾತ್ರ ಹೊಸ ಹೆಸರು ಸೇರಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಓದಿದ ಪುಸ್ತಕಗಳಲ್ಲಿ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಪ್ರಕಟಿಸಿದ ಒಂದು ಸಣ್ಣ ಕೃತಿ ಈ ಸಂದರ್ಭದಲ್ಲಿ ಮತ್ತೆ ಮತ್ತೆ ನೆನಪಾಗುತ್ತದೆ. ಸಂಸ್ಥೆಯೊಂದು ಕೆಡತೊಡಗಿದಾಗ ಅದರ ಸದಸ್ಯನ ಮುಂದೆ ಇರುವುದು ಎರಡು ದಾರಿ ಎನ್ನುತ್ತಾನೆ ಆತ: ಒಂದು, ಹೊರನಡೆಯುವುದು, ಇನ್ನೊಂದು, ಒಳಗಿದ್ದೇ ದನಿ ಎತ್ತುವುದು. ನಿಷ್ಠೆ ಎಂಬುದು ಇವೆರಡರ ನಡುವಿನ ತೂಕವನ್ನು ನಿರ್ಧರಿಸುತ್ತದೆ. ನಮ್ಮ ಪಕ್ಷಗಳು ದನಿಯ ದಾರಿಯನ್ನು ಮುಚ್ಚಿವೆ. ಆದ್ದರಿಂದ ಹೊರನಡೆಯುವುದೊಂದೇ ಉಳಿದಿದೆ; ಅದಕ್ಕೆ ನಾವಿಟ್ಟ ಹೆಸರು ‘ಬಂಡಾಯ’. 2023ರಲ್ಲಿ ಟಿಕೆಟ್ ತಪ್ಪಿದ ಲಕ್ಷ್ಮಣ ಸವದಿ ಪಕ್ಷ ಬದಲಿಸಿ ಅಥಣಿಯಲ್ಲಿ ಭಾರಿ ಅಂತರದಿಂದ ಗೆದ್ದರು. ಆರು ಬಾರಿ ಶಾಸಕರಾಗಿದ್ದ, ಮುಖ್ಯಮಂತ್ರಿಯೂ ಆಗಿದ್ದ ಜಗದೀಶ ಶೆಟ್ಟರ್ ಅದೇ ಹಾದಿ ಹಿಡಿದು ಹುಬ್ಬಳ್ಳಿಯಲ್ಲಿ ಸೋತು, 2024ರ ಜನವರಿಯಲ್ಲಿ ಮೂಲ ಪಕ್ಷಕ್ಕೇ ಮರಳಿ, ಆ ವರ್ಷವೇ ಬೆಳಗಾವಿಯ ಸಂಸದರಾದರು. ಇದನ್ನು ಅವಕಾಶವಾದ ಎಂದು ಜರೆಯುವುದು ಸುಲಭ. ಆದರೆ ಒಳಗೆ ಸ್ಪರ್ಧಿಸಲು ಬಾಗಿಲಿಲ್ಲದ ಮನೆಯಲ್ಲಿ ಕಿಟಕಿ ಹಾರುವವರನ್ನಷ್ಟೇ ದೂರಿ ಫಲವೇನು?

ಪ್ರಯೋಗಗಳು ನಡೆದೇ ಇಲ್ಲವೆಂದಲ್ಲ. 2014ರ ಲೋಕಸಭಾ ಚುನಾವಣೆಯಲ್ಲಿ ರಾಹುಲ್ ಗಾಂಧಿಯವರ ಸೂಚನೆಯಂತೆ ಕಾಂಗ್ರೆಸ್ ದೇಶದ ಹದಿನೈದರಷ್ಟು ಕ್ಷೇತ್ರಗಳಲ್ಲಿ ಪ್ರಾಥಮಿಕ ಚುನಾವಣೆ ನಡೆಸಲು ಮುಂದಾಯಿತು. ಕರ್ನಾಟಕದಲ್ಲಿ ಆಯ್ಕೆಯಾದದ್ದು ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ. ಮೊದಲನೆಯದರಲ್ಲಿ ಬಿ. ಜನಾರ್ದನ ಪೂಜಾರಿ, ಎರಡನೆಯದರಲ್ಲಿ ಸಿ. ನಾರಾಯಣಸ್ವಾಮಿ ಪಕ್ಷದೊಳಗಿನ ಮತ ಗೆದ್ದರು. ಸಾರ್ವತ್ರಿಕ ಚುನಾವಣೆಯಲ್ಲಿ ಇಬ್ಬರೂ ಸೋತರು. ವಡೋದರದಲ್ಲಿ ಒಳಚುನಾವಣೆ ಗೆದ್ದ ಅಭ್ಯರ್ಥಿ, ನರೇಂದ್ರ ಮೋದಿಯವರು ಕಣಕ್ಕಿಳಿದಾಗ ಹಿರಿಯ ನಾಯಕರೊಬ್ಬರಿಗೆ ಜಾಗ ಬಿಟ್ಟುಕೊಟ್ಟರು. ವಾರ್ಧಾದಲ್ಲಿ ಗೆದ್ದವರು ಹಾಲಿ ಸಂಸದರ ಪುತ್ರ. ಪ್ರಯೋಗ ವಿಫಲವೆಂದು ಎಲ್ಲರೂ ತೀರ್ಮಾನಿಸಿದರು. ದೇಶದಾದ್ಯಂತ ಪಕ್ಷ 44 ಸ್ಥಾನಗಳಿಗೆ ಇಳಿದ ವರ್ಷದ ಫಲಿತಾಂಶದಿಂದ ಒಂದು ಪದ್ಧತಿಯನ್ನು ಅಳೆಯುವುದು, ಬರಗಾಲದ ವರ್ಷದ ಬೆಳೆ ನೋಡಿ ಬಿತ್ತನೆ ಬೀಜವನ್ನು ಶಪಿಸಿದಂತೆ. ನಿಜವಾದ ದೋಷ ಬೇರೆಡೆ ಇತ್ತು. ಅಲ್ಲಿ ಮತ ಹಾಕಿದವರು ಬಹುಮಟ್ಟಿಗೆ ಪದಾಧಿಕಾರಿಗಳು, ಚುನಾಯಿತ ಪ್ರತಿನಿಧಿಗಳು, ಸಾಮಾನ್ಯ ಸದಸ್ಯರಲ್ಲ. ನಾಯಕರ ಕೃಪೆಯಿಂದ ಹುದ್ದೆ ಪಡೆದವರೇ ನಾಯಕರನ್ನು ತೂಗುವ ತಕ್ಕಡಿಯಾದರೆ ಮುಳ್ಳು ಎತ್ತ ವಾಲೀತು?

ಬಿಜೆಪಿಯೂ 2023ರ ಮಾರ್ಚ್ 31ರಂದು ರಾಜ್ಯದ ಜಿಲ್ಲೆಗಳಲ್ಲಿ ಪದಾಧಿಕಾರಿಗಳಿಂದ ರಹಸ್ಯ ಮತದಾನದ ಮೂಲಕ ಅಭ್ಯರ್ಥಿಗಳ ಬಗ್ಗೆ ಅಭಿಪ್ರಾಯ ಸಂಗ್ರಹಿಸಿತು. ಒಳ್ಳೆಯ ಹೆಜ್ಜೆಯೇ. ಆದರೆ ಮತಪೆಟ್ಟಿಗೆಗಳು ಬೆಂಗಳೂರಿಗೆ ಹೋದವು, ಎಣಿಕೆಯ ಅಂಕಿಗಳು ಜನರ ಮುಂದೆ ಬರಲಿಲ್ಲ. ಕಾಂಗ್ರೆಸ್ ಅದೇ ಚುನಾವಣೆಗೆ ಆಕಾಂಕ್ಷಿಗಳಿಂದ ಅರ್ಜಿ ಕರೆದು, ಅರ್ಜಿ ನಮೂನೆಗೆ 5 ಸಾವಿರ ರೂಪಾಯಿಯ ಜೊತೆಗೆ ಸಾಮಾನ್ಯ ವರ್ಗದವರಿಂದ 2 ಲಕ್ಷ, ಪರಿಶಿಷ್ಟರಿಂದ 1 ಲಕ್ಷ ರೂಪಾಯಿಯ ಡಿ.ಡಿ. ಪಡೆಯಿತು. ವಿಧಾನಸಭೆಗೆ ಸ್ಪರ್ಧಿಸಲು ಚುನಾವಣಾ ಆಯೋಗಕ್ಕೆ ಕಟ್ಟಬೇಕಾದ ಠೇವಣಿ 10 ಸಾವಿರ ರೂಪಾಯಿ. ಪಕ್ಷದಲ್ಲಿ ಹೆಸರು ಕೇಳಿಸಿಕೊಳ್ಳಲು ಅದರ ಇಪ್ಪತ್ತು ಪಟ್ಟು! ಅರ್ಥಶಾಸ್ತ್ರದಲ್ಲಿ ಇದಕ್ಕೆ ಪ್ರವೇಶ ತಡೆ ಎನ್ನುತ್ತೇವೆ. ಹಾಲಿ ಪ್ರತಿನಿಧಿಗೆ ಆ ಮೊತ್ತ ಲೆಕ್ಕಕ್ಕಿಲ್ಲ. ಅವನಿಗೆ ಸವಾಲೆಸೆಯುವ ಅಡಿಕೆ ಬೆಳೆಗಾರನಿಗೋ ಮೇಷ್ಟರಿಗೋ ಅದು ಒಂದು ವರ್ಷದ ಉಳಿತಾಯ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯ 1903ರಲ್ಲೇ ಪಕ್ಷದ ಅಭ್ಯರ್ಥಿಯನ್ನು ನೇರವಾಗಿ ಮತದಾರರೇ ಆರಿಸುವ ಕಾನೂನು ಮಾಡಿತು. ಆ ಪದ್ಧತಿಯಿಂದಾಗಿ 2014ರಲ್ಲಿ ವರ್ಜೀನಿಯಾದಲ್ಲಿ ಪ್ರತಿನಿಧಿ ಸಭೆಯ ಬಹುಮತದ ನಾಯಕ ಎರಿಕ್ ಕ್ಯಾಂಟರ್ ಅವರನ್ನು ಡೇವ್ ಬ್ರಾಟ್ ಎಂಬ ಅರ್ಥಶಾಸ್ತ್ರದ ಅಧ್ಯಾಪಕ ಅವರದೇ ಪಕ್ಷದೊಳಗೆ ಸೋಲಿಸಿದರು. 2018ರಲ್ಲಿ ನ್ಯೂಯಾರ್ಕಿನಲ್ಲಿ ಹತ್ತು ಅವಧಿಗಳ ಸದಸ್ಯ ಜೋ ಕ್ರೌಲಿ 28 ವರ್ಷದ ಅಲೆಕ್ಸಾಂಡ್ರಿಯಾ ಒಕಾಸಿಯೊ ಕಾರ್ಟೆಜ್ ಎದುರು ಸೋತರು. ಆದರೆ ಅಲ್ಲಿನದೆಲ್ಲ ಚಿನ್ನವೆಂದು ನಾನು ಹೇಳಲಾರೆ. ಸುಮಾರು ಏಳು ಲಕ್ಷ ಜನಸಂಖ್ಯೆಯ ಆ ನ್ಯೂಯಾರ್ಕ್ ಕ್ಷೇತ್ರದಲ್ಲಿ ಅಂದು ಮತ ಹಾಕಿದವರು ಮೂವತ್ತು ಸಾವಿರಕ್ಕೂ ಕಡಿಮೆ. ಕೆಲವೇ ಉತ್ಸಾಹಿಗಳು ಇಡೀ ಕ್ಷೇತ್ರದ ಪರವಾಗಿ ತೀರ್ಮಾನಿಸುವ, ತೀವ್ರ ನಿಲುವಿನವರಿಗೆ ಅನುಕೂಲವಾಗುವ ಅಪಾಯ ಅಲ್ಲಿದೆ. ಆದರೂ ಒಂದು ವ್ಯತ್ಯಾಸವನ್ನು ಗಮನಿಸಬೇಕು: ಅಲ್ಲಿ ಸೋತವನಿಗೆ ತಾನು ಎಷ್ಟು ಮತಗಳಿಂದ ಸೋತೆ ಎಂಬುದು ಗೊತ್ತಿರುತ್ತದೆ.

ನಮ್ಮಲ್ಲಿ ಇದನ್ನು ತಂದರೆ ಜಾತಿ, ಹಣ ವಿಜೃಂಭಿಸುತ್ತವೆ ಎಂಬುದು ಮೊದಲ ಆಕ್ಷೇಪ. ಈಗಿನ ಟಿಕೆಟ್ ಹಂಚಿಕೆಯಲ್ಲಿ ಜಾತಿಯ ಲೆಕ್ಕ, ಹಣದ ಲೆಕ್ಕ ಇಲ್ಲವೆಂದು ಎದೆ ಮುಟ್ಟಿ ಹೇಳಬಲ್ಲವರು ಈ ಆಕ್ಷೇಪವನ್ನು ಎತ್ತಲಿ. ಚುನಾವಣೆ ಬಂದಾಗ ರಾತ್ರೋರಾತ್ರಿ ನಕಲಿ ಸದಸ್ಯರು ಹುಟ್ಟುತ್ತಾರೆ ಎಂಬುದು ಎರಡನೆಯದು. ಇದು ತೂಕದ ಮಾತು. ಆದರೆ ಇದಕ್ಕೆ ಮದ್ದು ನಮ್ಮ ಹಳ್ಳಿಗಳಲ್ಲೇ ಇದೆ. ಚನ್ನಗಿರಿಯ ಯಾವುದೇ ಹಾಲು ಉತ್ಪಾದಕರ ಸಂಘವನ್ನೋ ಜಗಳೂರಿನ ಕೃಷಿ ಪತ್ತಿನ ಸಹಕಾರ ಸಂಘವನ್ನೋ ನೋಡಿ. ಐದು ವರ್ಷಕ್ಕೊಮ್ಮೆ ಚುನಾವಣೆ ನಡೆಯಲೇಬೇಕು. ಸಂಘದೊಂದಿಗೆ ವ್ಯವಹರಿಸದ, ಸಭೆಗಳಿಗೆ ಬಾರದ ಸದಸ್ಯನ ಮತದ ಹಕ್ಕಿಗೆ ಕತ್ತರಿ ಹಾಕುವ ನಿಯಮಗಳಿವೆ. ಮೇಲ್ವಿಚಾರಣೆಗೆ ರಾಜ್ಯ ಸಹಕಾರ ಚುನಾವಣಾ ಪ್ರಾಧಿಕಾರವಿದೆ. ಅಲ್ಲಿಯೂ ತಂಟೆ ತಕರಾರು ಇಲ್ಲದಿಲ್ಲ. ಆದರೆ ತಕರಾರನ್ನು ಹೇಳಿಕೊಳ್ಳಲು ಒಂದು ಕಟ್ಟೆಯಿದೆ. ಹಾಲು ಅಳೆಯುವ ಸಂಘಕ್ಕೆ ಕಾನೂನು ವಿಧಿಸುವ ಶಿಸ್ತು ರಾಜ್ಯ ಆಳುವ ಸಂಘಕ್ಕೆ ಅನ್ವಯಿಸುವುದಿಲ್ಲ ಎಂಬುದು ವಿಚಿತ್ರವಲ್ಲವೇ?

ಪಕ್ಷಗಳ ಒಳಾಡಳಿತಕ್ಕೆ ಕಾನೂನಿನ ಚೌಕಟ್ಟು ಬೇಕೆಂದು ಕಾನೂನು ಆಯೋಗ 1999ರಲ್ಲಿ, ತನ್ನ 170ನೇ ವರದಿಯಲ್ಲೇ ಹೇಳಿತು. ಪ್ರಜಾಪ್ರಾತಿನಿಧ್ಯ ಕಾಯ್ದೆಯ 29ಎ ಕಲಮಿನ ಪ್ರಕಾರ ನೋಂದಣಿ ಬಯಸುವ ಪಕ್ಷ ಪ್ರಜಾಪ್ರಭುತ್ವಕ್ಕೆ ನಿಷ್ಠೆ ತೋರುವುದಾಗಿ ಬರೆದುಕೊಡಬೇಕು. ಆದರೆ ಮಾತು ತಪ್ಪಿದ ಪಕ್ಷದ ನೋಂದಣಿಯನ್ನು ಆ ಕಾರಣಕ್ಕಾಗಿ ರದ್ದುಪಡಿಸುವ ಅಧಿಕಾರ ಆಯೋಗಕ್ಕಿಲ್ಲವೆಂದು 2002ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಇದರೊಂದಿಗೆ 1985ರ ಪಕ್ಷಾಂತರ ನಿಷೇಧ ಕಾನೂನನ್ನು ಸೇರಿಸಿ ನೋಡಿ. ಟಿಕೆಟ್ ಕೊಡುವವರು ಮೇಲಿನವರು. ಸದನದಲ್ಲಿ ಹೇಗೆ ಮತ ಹಾಕಬೇಕೆಂದು ವಿಪ್ ಕೊಡುವವರೂ ಮೇಲಿನವರೇ. ಹಾಗಾದರೆ ಶಾಸಕನ ಮುಖ ಯಾವ ದಿಕ್ಕಿಗಿರಬೇಕು? ಜಗಳೂರಿನ 57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ವಿಚಾರವಿರಲಿ, ಚನ್ನಗಿರಿಯ ಸೂಳೆಕೆರೆಯ ಹೂಳು, ಒತ್ತುವರಿಗಳ ವಿಚಾರವಿರಲಿ, ನ್ಯಾಮತಿಗೆ ಬೇಕಾದ ಕಚೇರಿಗಳ ವಿಚಾರವಿರಲಿ, ತನ್ನ ಭವಿಷ್ಯ ಮುಂದಿನ ಬಾರಿ ತನ್ನೂರಿನ ಕಾರ್ಯಕರ್ತರ ಕೈಯಲ್ಲಿದೆ ಎಂದು ತಿಳಿದ ಪ್ರತಿನಿಧಿ ಒಂದು ರೀತಿ ನಡೆದುಕೊಳ್ಳುತ್ತಾನೆ, ಅದು ದೆಹಲಿ–ಬೆಂಗಳೂರುಗಳ ಕೈಯಲ್ಲಿದೆ ಎಂದು ತಿಳಿದವನು ಇನ್ನೊಂದು ರೀತಿ.

ನನ್ನ ಸಲಹೆಗಳು ದೊಡ್ಡವೇನಲ್ಲ. ಎರಡು ವರ್ಷಗಳಿಗೂ ಮೇಲ್ಪಟ್ಟು ಸದಸ್ಯರಾಗಿರುವವರ ಪಟ್ಟಿಯನ್ನು ಪಕ್ಷ ಕ್ಷೇತ್ರವಾರು ಪ್ರಕಟಿಸಲಿ. ಸತತ ಎರಡು ಅವಧಿ ಪೂರೈಸಿದ ಪ್ರತಿನಿಧಿ ಮೂರನೆಯ ಬಾರಿ ಟಿಕೆಟ್ ಬಯಸಿದರೆ, ಅಥವಾ ಅವರ ಕುಟುಂಬದವರೇ ಬಯಸಿದರೆ, ಆ ಸದಸ್ಯರ ಗುಪ್ತ ಮತದಾನ ಕಡ್ಡಾಯವಾಗಲಿ. ಪಕ್ಷಕ್ಕೆ ಸೇರದ ನಿವೃತ್ತ ನ್ಯಾಯಾಧೀಶರೋ ಅಧಿಕಾರಿಗಳೋ ಅದನ್ನು ನಡೆಸಿ ಅಲ್ಲೇ ಎಣಿಸಿ ಅಂಕಿಗಳನ್ನು ಪ್ರಕಟಿಸಲಿ. ಅರ್ಜಿಯ ಶುಲ್ಕ ಆಯೋಗದ ಠೇವಣಿಯನ್ನು ಮೀರದಿರಲಿ. ಪ್ರತಿಯಾಗಿ, ಸೋತವರು ಆ ಚುನಾವಣೆಯಲ್ಲಿ ಪಕ್ಷೇತರರಾಗಿ ನಿಲ್ಲುವುದಿಲ್ಲವೆಂದು ಮೊದಲೇ ಬರೆದುಕೊಡಲಿ. ಹೀಗೆ ಮಾಡಿದರೆ ಹಾಲಿ ಪ್ರತಿನಿಧಿಗಳೆಲ್ಲ ಸೋತುಹೋಗುತ್ತಾರೆಂದು ಯಾರೂ ಭಾವಿಸಬೇಕಾಗಿಲ್ಲ. ಬಹುಪಾಲು ಗೆದ್ದಾರು. ಆದರೆ ಗೆದ್ದು ಬಂದವರಾಗಿರುತ್ತಾರೆ.

ನಿವೃತ್ತಿಯ ಬಳಿಕ, ನ್ಯಾಮತಿಯಲ್ಲಿ ನಡೆದ ಮದುವೆಯೊಂದರಲ್ಲಿ ಆ ಹಳೆಯ ಗೃಹಸ್ಥರು ಆಕಸ್ಮಿಕವಾಗಿ ಸಿಕ್ಕಿದರು. ವಯಸ್ಸು ಎಪ್ಪತ್ತು ದಾಟಿತ್ತು. ಊಟದ ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತವರು ನನ್ನನ್ನು ಗುರುತಿಸಿ ನಕ್ಕರು. ಇಂದಿಗೂ ಅದೇ ಪಕ್ಷದಲ್ಲಿದ್ದಾರೆ. ಮತ್ತೆಂದೂ ಟಿಕೆಟ್ ಕೇಳಲಿಲ್ಲವಂತೆ. ಅಂದಿನ ಆದೇಶದ ಬಗ್ಗೆ ನಾನು ಏನೋ ಹೇಳಹೊರಟಾಗ ಅವರೇ ತಡೆದರು. ‘ನಿಮ್ಮದೇನೂ ತಪ್ಪಿಲ್ಲ ಬಿಡಿ ಸಾರ್. ಸೋತೆನೆಂಬ ಬೇಸರವೂ ನನಗಿಲ್ಲ. ನಮ್ಮ ಹಿರಿಯರ ಎದುರು ನಿಂತಿದ್ದರೆ ಸೋಲುತ್ತಿದ್ದೆನೋ ಏನೋ. ಆದರೆ ನಮ್ಮ ಕಾರ್ಯಕರ್ತರಲ್ಲಿ ನನಗೆ ನೂರು ಮತ ಬರುತ್ತಿದ್ದವೋ ಹತ್ತೇ ಬರುತ್ತಿದ್ದವೋ, ಅದೊಂದು ಗೊತ್ತಾಗಬೇಕಿತ್ತು’ ಎಂದರು.

ಅಷ್ಟರಲ್ಲಿ ಬಡಿಸುವವರು ಬಂದರು. ಮಾತು ಅಲ್ಲಿಗೇ ನಿಂತಿತು. ಮೂವತ್ತು ವರ್ಷ ಒಂದು ಪಕ್ಷಕ್ಕಾಗಿ ಬಾವುಟ ಕಟ್ಟಿದ ಮನುಷ್ಯ ಕೇಳಿದ್ದು ಅಧಿಕಾರವನ್ನಲ್ಲ, ಒಂದು ಎಣಿಕೆಯನ್ನು. ಅದನ್ನು ಕೊಡಲು ಯಾವ ಕಾನೂನು ತಿದ್ದುಪಡಿಯೂ ಬೇಕಾಗಿಲ್ಲ. ಯಾವ ಪಕ್ಷ ಬೇಕಾದರೂ, ಯಾವ ತಾಲ್ಲೂಕಿನಿಂದ ಬೇಕಾದರೂ ಆರಂಭಿಸಬಹುದು.